ಹುಲ್ಲಿನ ಲೆಕ್ಕ
ಹಸುಗಳಿಗೆ ಮೇವು ಬೆಳೆಯುವುದಕ್ಕಿಂತ ಕೊಳ್ಳುವುದೇ ಅಗ್ಗ ಎಂದು ಲೇಖನವೊಂದರಲ್ಲಿ ಓದಿದೆ. ಆ ಲೆಕ್ಕ ಕೊಳವೆಬಾವಿ ಬತ್ತಿದವರಿಗೆ ಸರಿ, ಎಲ್ಲರಿಗೂ ಅಲ್ಲ. ರಾಗಿ ಬೆಳೆಯುವ ನಮ್ಮ ಕಡೆ ಹುಲ್ಲಿಗೆ ಬೇರೆ ಖರ್ಚು ಎಲ್ಲಿದೆ? ಕಾಳಿನ ಜೊತೆಗೇ ಬರುತ್ತದೆ. ಭತ್ತದ ಹುಲ್ಲಿಗಿಂತ ಸತ್ವವೂ ಹೆಚ್ಚು. (ಕುಡುಗೋಲಿನಲ್ಲಿ ಕೊಯ್ದು ಮೆದೆ ಹಾಕುವವರಿಗೆ ಈ ಮಾತು, ಕೊಯ್ಲಿಗೆ ಯಂತ್ರ ಇಳಿಸಿದರೆ ಎಷ್ಟೋ ಹುಲ್ಲು ಹೊಲದಲ್ಲೇ ಪುಡಿಯಾಗುತ್ತದೆ.) ಲಾರಿಯಲ್ಲಿ ಬರುವ ಭತ್ತದ ಹುಲ್ಲಿನ ಸುರುಳಿ ಮಳೆಗೆ ಸಿಕ್ಕಿದ್ದರೆ ಬಿಚ್ಚಿ ನೋಡಿ: ಹೊರಗೆ ಹೊಂಬಣ್ಣ, ಒಳಗೆ ಕಪ್ಪು ಬೂಷ್ಟು, ಮುಗ್ಗಲು ವಾಸನೆ. ಹಸು ಮೂಸಿ ಮುಖ ತಿರುಗಿಸುತ್ತದೆ. ಹಸಿ ಮೇವಿಗೆ ಹೈಬ್ರಿಡ್ ನೇಪಿಯರ್ ಎಂಬ ಮೇವಿನ ಹುಲ್ಲನ್ನು ಒಮ್ಮೆ ನಾಟಿ ಮಾಡಿದರೆ ಕೆಲವು ವರ್ಷ ನಿಶ್ಚಿಂತೆ, ನೀರು ಕಟ್ಟಬೇಕು, ಗೊಬ್ಬರ ಹಾಕಬೇಕು ಅಷ್ಟೇ. ಕೊಳ್ಳಲೇಬೇಕಾದವರು ಸುಗ್ಗಿಯಲ್ಲೇ ಕೊಂಡುಬಿಡಿ. ಏಪ್ರಿಲ್‌ನಲ್ಲಿ ದರ ಕೇಳಲು ಹೋದರೆ ಡೇರಿಯಿಂದ ಬರುವ ಹಾಲಿನ ದುಡ್ಡೆಲ್ಲ ಸುರಿದರೂ ಅದಕ್ಕೆ ಸಾಲದು.