ಹಾಳೆ ತಂದಿದ್ದೀರಾ?

2025ರ ಅಕ್ಟೋಬರ್‌ನಲ್ಲಿ ವಿಧಾನಸೌಧದಲ್ಲಿ ಕಾನ್‌ಸ್ಟೇಬಲ್‌ಗಳ ತಲೆಗೆ ನೀಲಿ ಪೀಕ್ ಕ್ಯಾಪ್ ಬಂತು. ಮುಖ್ಯಮಂತ್ರಿಗಳು ಟೋಪಿ ಹಾಕಿದರು ಎಂದು ಬರೆಯಲು ಕೈ ತುರಿಸುತ್ತದೆ. ಬಿಡಿ, ಆ ಜೋಕನ್ನು ಅವತ್ತೇ ವಾಟ್ಸಾಪ್‌ನಲ್ಲಿ ಎಲ್ಲರೂ ಮಾಡಿ ಮುಗಿಸಿದ್ದಾರೆ. ನಿಜ ಹೇಳಬೇಕೆಂದರೆ ಹಳೆಯ ಸ್ಲೋಚ್ ಹ್ಯಾಟ್ ಹೋಗಿದ್ದು ಒಳ್ಳೆಯದೇ. ಒಂದು ಕೈಯಲ್ಲಿ ಲಾಠಿ, ಇನ್ನೊಂದು ಕೈಯಲ್ಲಿ ಟೋಪಿ ಹಿಡಿದುಕೊಂಡು ಓಡುವ ಪೊಲೀಸರನ್ನು ನೋಡಿದರೆ ಕಳ್ಳನಿಗೂ ಪಾಪ ಅನ್ನಿಸುತ್ತಿತ್ತು.

ಹೊಸ ಟೋಪಿಯನ್ನು ನಾನು ಹತ್ತಿರದಿಂದ ನೋಡಿದ್ದು ಸ್ಕೂಟರ್ ಕಳೆದುಕೊಂಡ ದಿನ. ಕಲ್ಯಾಣಮಂಟಪದಲ್ಲಿ ಊಟ ಮಾಡಿ ಹೊರಬಂದರೆ ಸ್ಕೂಟರ್ ಇಲ್ಲ. ಠಾಣೆಗೆ ಹೋದೆ. ನೀಲಿ ಟೋಪಿಯವರು ಬಹಳ ಮರ್ಯಾದೆಯಿಂದ ಕೂರಿಸಿ ಕೇಳಿದರು: "ಹಾಳೆ ತಂದಿದ್ದೀರಾ ಸರ್?"

ತಂದಿರಲಿಲ್ಲ. 2025-26ರಲ್ಲಿ ಒಳಾಡಳಿತಕ್ಕೂ ಸಾರಿಗೆಗೂ ಸೇರಿಸಿ ಬಜೆಟ್‌ನಲ್ಲಿ 20,625 ಕೋಟಿ ಇಟ್ಟಿದ್ದಾರೆ ಅಂತ ಓದಿದ್ದೆ. ಅದರಲ್ಲಿ ಎರಡು ಬಿಳಿ ಹಾಳೆಯೂ ಸೇರಿರಬಹುದು ಅಂದುಕೊಂಡಿದ್ದು ನನ್ನದೇ ತಪ್ಪು.

ಠಾಣೆಯ ಎದುರಿಗೇ ಜೆರಾಕ್ಸ್ ಅಂಗಡಿ. ನನ್ನ ಕೇಳಿದರೆ ಗೃಹ ಇಲಾಖೆಯ ನಿಜವಾದ ಕಚೇರಿ ಅದೇ. ನಾನು ಬಾಯಿ ಬಿಡುವ ಮೊದಲೇ ಅಂಗಡಿಯವರು ಕೇಳಿದರು, "ಯಾವುದು ಸರ್? ಕಳ್ಳತನವೋ, ಹೊಡೆದಾಟವೋ, ಪಾಸ್‌ಪೋರ್ಟೋ?" ಮೂರಕ್ಕೂ ಕಂಪ್ಯೂಟರಿನಲ್ಲಿ ಬೇರೆ ಬೇರೆ ಒಕ್ಕಣೆ ರೆಡಿ ಇದೆ. "ವಿನಂತಿಸಿಕೊಳ್ಳುವುದೇನೆಂದರೆ" ಅಂತ ಶುರುವಾಗಿ ನಡುವೆ ಖಾಲಿ ಜಾಗ. ಗಾಡಿ ನಂಬರ್ ಹೇಳಿದರೆ ಸಾಕು. ಒಳ್ಳೆಯ ವ್ಯಾಪಾರ ಯಾವುದು ಅಂತ ಕೇಳಿದೆ. "ಹೊಡೆದಾಟ ಸರ್. ಎರಡೂ ಕಡೆಯವರು ಬರ್ತಾರಲ್ಲ!" ಊರಲ್ಲಿ ಎಷ್ಟು ಅಪರಾಧ ನಡೆದಿದೆ ಅಂತ ಇವರ ಟೋನರ್ ಬಿಲ್ ನೋಡಿದರೆ ಗೊತ್ತಾಗುತ್ತದೆ. ಅಂಕಿಅಂಶ ವಿಭಾಗದವರು ಗಮನಿಸಬೇಕು.

ಹಾಗೆ ನೋಡಿದರೆ ಇಲಾಖೆಗೂ ಖಾಲಿ ಹಾಳೆಗೂ ಹಳೆಯ ನಂಟು. 2021ರ ಅಕ್ಟೋಬರ್‌ನಲ್ಲಿ 545 ಪಿಎಸ್‌ಐ ಹುದ್ದೆಗೆ ಪರೀಕ್ಷೆ ನಡೆಯಿತಲ್ವಾ? ಅಲ್ಲಿ ಅಭ್ಯರ್ಥಿಗಳು ಖಾಲಿ ಬಿಟ್ಟುಬಂದ ಓಎಂಆರ್ ಉತ್ತರ ಹಾಳೆಗಳು ಆಮೇಲೆ ತುಂಬಿಕೊಂಡ ಕಥೆ ನಿಮಗೆ ಗೊತ್ತೇ ಇದೆ. ನೇಮಕಾತಿ ವಿಭಾಗದ ಮುಖ್ಯಸ್ಥರನ್ನೇ ಸಿಐಡಿ ಬಂಧಿಸಬೇಕಾಯಿತು. ಆಗ ಮಾತ್ರ ಹಾಳೆಗೆ ಕೊರತೆ ಬಂದಿರಲಿಲ್ಲ.

ದೂರು ಕೊಟ್ಟೆ. "ಮಂಟಪದವರ ಹತ್ತಿರ ಕ್ಯಾಮೆರಾ ಇರುತ್ತೆ, ಪೆನ್‌ಡ್ರೈವ್‌ಗೆ ಹಾಕಿಸಿಕೊಂಡು ಬನ್ನಿ" ಅಂದರು. ತನಿಖಾಧಿಕಾರಿಯಾಗಿ ನನ್ನ ನೇಮಕ ಆಗಿದ್ದು ಹೀಗೆ, ಪರೀಕ್ಷೆ ಇಲ್ಲದೆ. ಜನ ಸೇರುವ ಜಾಗದವರು ಸ್ವಂತ ದುಡ್ಡಲ್ಲಿ ಕ್ಯಾಮೆರಾ ಹಾಕಿಸಿ 30 ದಿನದ ದೃಶ್ಯ ಇಟ್ಟುಕೊಳ್ಳಬೇಕು ಅಂತ 2017ರಲ್ಲೇ ರಾಜ್ಯ ಸರ್ಕಾರ ಕಾನೂನು ಮಾಡಿದೆ. ಮಂಟಪದ ಮ್ಯಾನೇಜರ್ ಕಾನೂನನ್ನು ಪೂರ್ತಿ ಪಾಲಿಸಿದ್ದರು. ಕ್ಯಾಮೆರಾ ಇತ್ತು, ರೆಕಾರ್ಡಿಂಗೂ ಇತ್ತು. ಆದರೆ ಅದು ಮುಖ ಮಾಡಿದ್ದು ಉಗ್ರಾಣದ ಬಾಗಿಲಿಗೆ. ಅಡುಗೆಯವರು ತುಪ್ಪದ ಡಬ್ಬ ಒಯ್ಯುವುದು, ತರುವುದು ಅರ್ಧ ಗಂಟೆ ನೋಡಿದೆ. ತುಪ್ಪ ಸುರಕ್ಷಿತವಾಗಿದೆ.

ಬೆಂಗಳೂರಿನವರು ಪುಣ್ಯವಂತರು. ಅವರಿಗೆ ನಿರ್ಭಯಾ ನಿಧಿಯ ಸೇಫ್ ಸಿಟಿ ಯೋಜನೆ ಇದೆ. 667 ಕೋಟಿಯದು; ನೂರಕ್ಕೆ 60 ಕೇಂದ್ರದ್ದು, 40 ರಾಜ್ಯದ್ದು. ಕಂಬ ಕಂಬದಲ್ಲಿ ಕ್ಯಾಮೆರಾ, ಮುಖ ಗುರುತು ಹಿಡಿಯುತ್ತದಂತೆ. ಕೆಳಗೆ ರಸ್ತೆಯಲ್ಲಿ ನಿಂತಿರುವ ಬ್ಯಾರಿಕೇಡ್ ನೋಡಿ. ಅದರ ಮೇಲೆ "ಪೊಲೀಸ್" ಅಂತ ಸಣ್ಣದಾಗಿ, ಚಿನ್ನದಂಗಡಿಯ ಹೆಸರು ದೊಡ್ಡದಾಗಿ. ಮೇಕಿಂಗ್ ಚಾರ್ಜ್ ಮೇಲೆ ರಿಯಾಯಿತಿ ಬೇರೆ. ಕಾನೂನು ಸುವ್ಯವಸ್ಥೆಯ ಪ್ರಾಯೋಜಕರು ಯಾರು ಅಂತ ಕೇಳುವ ಹಾಗೇ ಇಲ್ಲ, ಬರೆದೇ ಇರುತ್ತದೆ.

ಇಲ್ಲಿವರೆಗೆ ತಮಾಷೆ. ಜೂನ್ 4 ಅನ್ನೋ ತಾರೀಖು ನೆನಪಾದರೆ ತಮಾಷೆ ಮಾಡಲು ಆಗಲ್ಲ. 2016ರಲ್ಲಿ ಅದೇ ದಿನ ಪೊಲೀಸರು ಸಾಮೂಹಿಕ ರಜೆ ಹಾಕಲು ಹೊರಟಿದ್ದರು. ಕೇಳಿದ್ದೇನು? ಸರಿಯಾದ ಸಂಬಳ, ವಾರದ ರಜೆ, ಲೆಕ್ಕಕ್ಕೆ ಸಿಗುವ ಡ್ಯೂಟಿ. ಸರ್ಕಾರ ಅವರ ಮುಖಂಡರ ಮೇಲೆ ದೇಶದ್ರೋಹದ ಕೇಸು ಹಾಕಿತು. ರಜೆ ಕೇಳಿದರೆ ದೇಶದ್ರೋಹ! 2025ರಲ್ಲಿ ಅದೇ ಜೂನ್ 4ಕ್ಕೆ ಚಿನ್ನಸ್ವಾಮಿ ಕ್ರೀಡಾಂಗಣದ ಗೇಟಿನಲ್ಲಿ ಕಾಲ್ತುಳಿತಕ್ಕೆ 11 ಜನ ಸತ್ತರು. ಹಿಂದಿನ ರಾತ್ರಿಯೆಲ್ಲ ಆರ್‌ಸಿಬಿ ಐಪಿಎಲ್ ಕಪ್ ಗೆದ್ದ ವಿಜಯೋತ್ಸವದ ಬಂದೋಬಸ್ತ್ ಮಾಡಿ ನಿದ್ದೆಗೆಟ್ಟ ಪೊಲೀಸರನ್ನೇ ಮಧ್ಯಾಹ್ನ ಮತ್ತೆ ನಿಲ್ಲಿಸಿದ್ದರು. ವಿಧಾನಸೌಧದ ಮೆಟ್ಟಿಲ ಮೇಲೊಂದು ಸನ್ಮಾನ, ಕ್ರೀಡಾಂಗಣದಲ್ಲೊಂದು. ಮಾರನೇ ದಿನ ಕಮಿಷನರ್ ಸಸ್ಪೆಂಡ್. ಮೆಟ್ಟಿಲ ಮೇಲೆ ಕಪ್ ಜೊತೆ ಫೋಟೋ ತೆಗೆಸಿಕೊಂಡವರು ಯಾರೂ ಸಸ್ಪೆಂಡ್ ಆಗಲಿಲ್ಲ. ಇದಕ್ಕೆ ಜೋಕ್ ಹೊಳೆಯುತ್ತಿಲ್ಲ. ಹೊಳೆಯುವುದೂ ಬೇಡ.

ಮೊನ್ನೆ ಸ್ಕೂಟರ್ ವಿಷಯ ಕೇಳಲು ಮತ್ತೆ ಠಾಣೆಗೆ ಹೋಗಿದ್ದೆ. ಅದೇ ನೀಲಿ ಟೋಪಿಯವರು ಇದ್ದರು, ಕಣ್ಣು ಕೆಂಪಾಗಿತ್ತು. ಮೂರು ದಿನದಿಂದ ಯಾವುದೋ ಜಾತ್ರೆ ಬಂದೋಬಸ್ತಂತೆ. ಟೋಪಿ ತೆಗೆದು ಮೇಜಿನ ಮೇಲಿಟ್ಟಿದ್ದರು. "ವಿಮೆಯವರಿಗೆ ಒಂದು ಪತ್ರ ಬೇಕಾಗುತ್ತೆ ಸರ್, ಹಾಳೆ..." ಅಂದು, ತಾವೇ ಸಂಕೋಚಪಟ್ಟು ನಿಲ್ಲಿಸಿದರು. ಈ ಸಲ ನಾನು ಹುಷಾರಾಗಿದ್ದೆ. ಚೀಲದಲ್ಲಿ ಐವತ್ತು ಹಾಳೆ ಇತ್ತು. ಅವರಿಗೂ ಇಪ್ಪತ್ತು ಕೊಟ್ಟೆ. ಉಳಿದಿದ್ದನ್ನು ಸ್ಕೂಟರ್ ಡಿಕ್ಕಿಯಲ್ಲಿ ಇಟ್ಟುಕೊಂಡರಾಯಿತು ಅಂತ ಹೊರಗೆ ಬಂದ ಮೇಲೆ ನೆನಪಾಯಿತು, ಸ್ಕೂಟರ್ ಇಲ್ಲ ಅಂತ.