ಸ್ಪಷ್ಟನೆ: ಕನ್ನಡಕ್ಕೆ ಎಪಿ ಪರೀಕ್ಷೆ ಇಲ್ಲ, ‘ಸೀಲ್’ ತಾನಾಗಿ ಬರುವುದಿಲ್ಲ

‘ಅಮೆರಿಕದ ಹೈಸ್ಕೂಲುಗಳಲ್ಲಿ ಕನ್ನಡ ಎಪಿ ವಿಷಯವಾಗಿದೆ, ಮನೆಯಲ್ಲಿ ಕನ್ನಡ ಮಾತಾಡುವ ಮಕ್ಕಳಿಗೆಲ್ಲ ಸೀಲ್ ಆಫ್ ಬೈಲಿಟರಸಿ ಸಿಗುತ್ತದೆ’ ಎಂಬ ವಾಟ್ಸ್‌ಆ್ಯಪ್ ಸಂದೇಶದ ಎರಡು ಮಾತೂ ತಪ್ಪು.

ಎಪಿ (ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್) ಎಂದರೆ ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ ವಿಷಯ. ಕಾಲೇಜ್ ಬೋರ್ಡ್ ಎಂಬ ಸಂಸ್ಥೆ ನಡೆಸುವ ಎಪಿ ಭಾಷೆಗಳು ಸ್ಪ್ಯಾನಿಷ್, ಫ್ರೆಂಚ್, ಜರ್ಮನ್, ಇಟಾಲಿಯನ್, ಚೀನಿ, ಜಪಾನಿ ಮತ್ತು ಲ್ಯಾಟಿನ್. ಭಾರತದ ಯಾವ ಭಾಷೆಯೂ ಅದರಲ್ಲಿಲ್ಲ.

ಸೀಲ್ ಬೇರೆಯದೇ. 2011ರ ಕ್ಯಾಲಿಫೋರ್ನಿಯಾ ಕಾನೂನಿನಿಂದ ಶುರುವಾದ ಇದು ಡಿಪ್ಲೊಮಾ ಅಥವಾ ಅಂಕಪಟ್ಟಿಯ ಮೇಲೆ ಹಾಕುವ ಗುರುತು. ಇಂಗ್ಲಿಷ್ ಮತ್ತು ಇನ್ನೊಂದು ಭಾಷೆ, ಎರಡರಲ್ಲೂ ಸಾಮರ್ಥ್ಯ ತೋರಿಸಬೇಕು. ಕನ್ನಡಕ್ಕೆ ಅವಾಂತ್ ಸಂಸ್ಥೆಯ ‘ಸ್ಟ್ಯಾಂಪ್ ಡಬ್ಲ್ಯುಎಸ್’ ಪರೀಕ್ಷೆ ಇದೆ. ಅದು ಅಳೆಯುವುದು ಬರವಣಿಗೆ ಮತ್ತು ಮಾತು. ಎಡವುವುದು ಸಾಮಾನ್ಯವಾಗಿ ಬರವಣಿಗೆಯಲ್ಲೇ: ಅಜ್ಜಿಯ ಜೊತೆ ಸಲೀಸಾಗಿ ಹರಟುವ ಮಗುವಿಗೂ ಒತ್ತಕ್ಷರ ಗೊತ್ತಿರುವುದಿಲ್ಲ. ಸೀಲ್‌ಗೆ ಬೇಕಾದ ಮಟ್ಟ ರಾಜ್ಯದಿಂದ ರಾಜ್ಯಕ್ಕೆ ಬೇರೆ: ನ್ಯೂಜೆರ್ಸಿಗೆ ‘ಇಂಟರ್‌ಮೀಡಿಯಟ್ ಮಿಡ್’ (ಮಧ್ಯಮ ಹಂತದ ನಡು ಮಟ್ಟ) ಸಾಕು, ಇಲಿನಾಯ್‌ಗೆ ಅದಕ್ಕಿಂತ ಒಂದು ಮೆಟ್ಟಿಲು ಮೇಲಿನ ‘ಇಂಟರ್‌ಮೀಡಿಯಟ್ ಹೈ’ ಬೇಕು. ಸೀಲ್‌ಗೆ ಕಾಲೇಜು ಕ್ರೆಡಿಟ್ (ಪದವಿಗೆ ಲೆಕ್ಕವಾಗುವ ಅಂಕ) ಕೊಡುವ ನಿಯಮವೂ ರಾಜ್ಯಕ್ಕೊಂದು.

ಯಾವ ಪರೀಕ್ಷೆ, ಯಾವ ಮಟ್ಟ, ಕೊನೆಯ ದಿನ ಯಾವುದು ಎಂಬುದನ್ನು ಶಾಲೆಯ ಕೌನ್ಸೆಲರ್ ಬಳಿ 11ನೇ ತರಗತಿಯಲ್ಲೇ ಕೇಳಿಕೊಳ್ಳಿ. ಆ ಸಂದೇಶವನ್ನು ದಯವಿಟ್ಟು ಮುಂದೆ ಕಳಿಸಬೇಡಿ. ಕಳಿಸಿದ್ದರೆ ಅದೇ ಗುಂಪಿಗೆ ಇದನ್ನೂ ಹಾಕಿ.