ಹೆಸರು ಕಾಲು ಕೆಜಿ

ಸಾಮಾನಿನ ಚೀಟಿ ಬರೆಯುವ ಚಾಳಿ ನನಗೆ ಇನ್ನೂ ಹೋಗಿಲ್ಲ. ಕ್ಯಾಲೆಂಡರಿನಲ್ಲಿ ಮುಗಿದ ತಿಂಗಳ ಹಾಳೆ ಹರಿದು ಹಿಂಬದಿಯಲ್ಲಿ ಬರೆಯುತ್ತೇನೆ. ಹೋದ ಆಷಾಢದಲ್ಲಿ ಬೆಂಗಳೂರಿನಿಂದ ಬಂದಿದ್ದ ಮೊಮ್ಮಗಳು, ತನಗೂ ಕನ್ನಡ ಓದಲು ಬರುತ್ತದೆಂದು ತೋರಿಸುವ ಹುಮ್ಮಸ್ಸಿನಲ್ಲಿ ಆ ಚೀಟಿಯನ್ನು ಎತ್ತಿಕೊಂಡು ಗಟ್ಟಿಯಾಗಿ ಓದತೊಡಗಿದಳು. "ತೊಗರಿಬೇಳೆ ಎರಡು ಕೆಜಿ. ರವೆ ಒಂದು. ಹೆಸರು ಕಾಲು ಕೆಜಿ." ಅಲ್ಲಿಗೆ ನಿಂತು ನನ್ನ ಮುಖ ನೋಡಿದಳು. "ಯಾರ ಹೆಸರು ಅಜ್ಜಿ?"

ಪೇಪರಿನಲ್ಲಿ ಮುಳುಗಿದ್ದ ಅವಳಜ್ಜ ತಲೆಯೆತ್ತದೆ "ಅಂಗಡಿಯವಂದು" ಎಂದರು.

ಅವರು ಹೇಳಿದ್ದು ತಮಾಷೆಗೆ. ನನಗೆ ಮಾತ್ರ ಅದು ಹಲ್ಲಿಗೆ ಸಿಕ್ಕಿದ ಅಡಿಕೆ ಚೂರಿನ ಹಾಗೆ ಅಲ್ಲೇ ಉಳಿಯಿತು. ಹೆಸರುಕಾಳು ನಮ್ಮ ಮಲೆನಾಡಿನ ಬೆಳೆಯಲ್ಲ. ಗದಗ, ಧಾರವಾಡದ ಕಡೆಯ ಎರೆನೆಲದಿಂದ ಘಟ್ಟದ ದಾರಿ ಹಿಡಿದು ಬರಬೇಕು. ಅಂಗಡಿಯ ಹೆಸರನ್ನು ಹಾಗೆ ತರಿಸಿಕೊಳ್ಳಲು ಬರುವುದಿಲ್ಲ, ಅದು ಇಲ್ಲೇ, ಈ ಮಳೆಯಲ್ಲೇ ಮೊಳೆಯಬೇಕು. ಇನ್ನು ಈ ಪದದ ಜೊತೆ ನಮ್ಮ ಜನ ಆಡುವ ಆಟವೋ! ಮಗುವಿಗೂ ಹೆಸರಿಡುತ್ತಾರೆ, ಬೀಗರ ಮನೆಯ ಊಟಕ್ಕೂ ಹೆಸರಿಡುತ್ತಾರೆ. ಮೊದಲನೆಯದು ನಾಮಕರಣ, ಎರಡನೆಯದು ತಪ್ಪು ಹುಡುಕುವ ಕೆಲಸ. ಹಾಗಾಗಿ "ಹೆಸರಿಡೋ ಹಾಗಿಲ್ಲ" ಎಂದು ಯಾರಾದರೂ ಅಂದರೆ ಅದಕ್ಕಿಂತ ದೊಡ್ಡ ಬಿರುದು ನಮ್ಮಲ್ಲಿಲ್ಲ. ಇನ್ನೂ ಜಿಪುಣರಾದರೆ "ಅಡ್ಡಿಲ್ಲ" ಎನ್ನುತ್ತಾರೆ. ನಮ್ಮತ್ತೆ ತಮ್ಮ ಜೀವಮಾನದಲ್ಲಿ ಮೂರು ಅಂಗಡಿಗಳಿಗೆ ಮಾತ್ರ "ಅಡ್ಡಿಲ್ಲ" ಅಂದದ್ದು ನನಗೆ ನೆನಪಿದೆ.

ನಾವು ಹೋಗುವ ಸೂಪರ್ ಮಾರ್ಕೆಟ್ಟು ಈ ಕಡೆಯವರದೇ. ಶಿವಮೊಗ್ಗದಲ್ಲಿ ಎರಡು ಮೂರು ಕಡೆ, ಆಚೀಚೆ ತಾಲ್ಲೂಕುಗಳಲ್ಲಿ ಒಂದೊಂದು ಇದೆ. ಹೆಸರಿನ ಬಗ್ಗೆ ಬರೆಯುತ್ತ ಅದರ ಹೆಸರನ್ನೇ ಹೇಳದಿದ್ದರೆ ಹೇಗೆ ಎಂದು ನೀವು ಕೇಳಬಹುದು. ಹೇಳಿದರೆ ಅವರು ಇದನ್ನು ಕತ್ತರಿಸಿ, ಕಟ್ಟು ಹಾಕಿಸಿ, ಬಿಲ್ಲಿನ ಕೌಂಟರಿನ ಮೇಲೆ ತೂಗುಹಾಕುತ್ತಾರೆ. ಮಾರನೆಯ ದಿನದಿಂದ ರವೆಯಲ್ಲಿ ಹುಳ ಕಾಣತೊಡಗುತ್ತದೆ. ಹೊಗಳಿಸಿಕೊಂಡ ಹೋಟೆಲುಗಳ ಸಾಂಬಾರು ನೀರಾದದ್ದನ್ನು ಕಂಡವಳು ನಾನು.

ನನ್ನ ತವರು ಹೊಸನಗರದ ಕಡೆಯ ಒಂದು ಹಳ್ಳಿ. ಅಲ್ಲಿದ್ದದ್ದು ಒಂದೇ ಅಂಗಡಿ. ಸೂರಿನಿಂದ ಇಳಿಬಿಟ್ಟ ದಾರದ ಉಂಡೆ, ಪೇಪರಿನ ಪೊಟ್ಟಣ, ಸೀಮೆಎಣ್ಣೆಯೂ ಹುರಿಗಡಲೆಯೂ ಬೆರೆತ ಒಂದು ವಾಸನೆ. ದಶಮಾನ ತೂಕ ದೇಶಕ್ಕೆಲ್ಲ ಕಡ್ಡಾಯವಾಗಿದ್ದು 1962ರಲ್ಲಿ. ಆಮೇಲೂ ಎಷ್ಟೋ ವರ್ಷ ನಮ್ಮಜ್ಜಿ ಸೇರು, ಪಾವು, ಚಟಾಕಿನಲ್ಲೇ ಕೇಳುತ್ತಿದ್ದಳು, ಅಂಗಡಿ ಭಟ್ಟರು ಕಿಲೋದಲ್ಲಿ ತೂಗಿ ಸೇರಿನಲ್ಲಿ ಸಮಾಧಾನ ಹೇಳುತ್ತಿದ್ದರು. ತಕ್ಕಡಿಯ ಮುಳ್ಳು ನೆಟ್ಟಗೆ ನಿಂತ ಮೇಲೂ ಅಜ್ಜಿ ಕದಲುತ್ತಿರಲಿಲ್ಲ. ಭಟ್ಟರು ಡಬ್ಬದೊಳಗೆ ಇನ್ನೊಮ್ಮೆ ಕೈ ಹಾಕಿ ನಾಲ್ಕು ಕಾಳು ಉದುರಿಸುತ್ತಿದ್ದರು, ತಟ್ಟೆ ಅಷ್ಟು ಕೆಳಕ್ಕೆ ಬಾಗುತ್ತಿತ್ತು. ಅದು ಕೊಸರು. ನಾಲ್ಕು ಕಾಳಿನಿಂದ ಯಾರ ಹೊಟ್ಟೆಯೂ ತುಂಬುವುದಿಲ್ಲ ಎಂದು ಅಜ್ಜಿಗೂ ಗೊತ್ತಿತ್ತು. ಆದರೂ ಕೊಸರು ಬೀಳದ ಅಂಗಡಿಯಿಂದ ಬಂದ ದಿನ ಅವಳು ಮನೆಗೆ ಬಂದು ಪೊಟ್ಟಣವನ್ನು ಕೈಯಲ್ಲೇ ತೂಗಿ ನೋಡುತ್ತಿದ್ದಳು.

ಈಗ ಎಲೆಕ್ಟ್ರಾನಿಕ್ ತಕ್ಕಡಿ. ಅದಕ್ಕೆ ವರ್ಷಕ್ಕೊಮ್ಮೆ ತೂಕ ಅಳತೆ ಇಲಾಖೆಯವರ ಮುದ್ರೆ ಬೀಳಬೇಕು. ಹಳೆಯ ತಕ್ಕಡಿ, ಬಟ್ಟುಗಳಿಗಾದರೆ ಎರಡು ವರ್ಷಕ್ಕೊಮ್ಮೆ. ಪೊಟ್ಟಣದ ಮೇಲೆ ತೆರಿಗೆಯೆಲ್ಲ ಸೇರಿದ ಗರಿಷ್ಠ ಬೆಲೆ ಅಚ್ಚಾಗಬೇಕೆಂಬ ನಿಯಮ 1990ರಿಂದ ಇದೆ. ಕಡಿಮೆ ತೂಗಬೇಡ, ಹೆಚ್ಚು ಬೆಲೆ ತಗೋಬೇಡ ಎಂದು ಹೇಳಲು ಸರ್ಕಾರ ಇದೆ ಅಂತಾಯಿತು. ನಾಲ್ಕು ಕಾಳು ಜಾಸ್ತಿ ಹಾಕು ಎಂದು ಮಾತ್ರ ಯಾವ ಸರ್ಕಾರವೂ ಹೇಳುವುದಿಲ್ಲ. ಕೊಸರು ಅಂಗಡಿಯವನ ಸ್ವಂತ ಖಾತೆ. ಸೂಪರ್ ಮಾರ್ಕೆಟ್ಟಿನವರು ಆ ಖಾತೆಯನ್ನು ಎಲ್ಲಿಟ್ಟಿದ್ದಾರೆ ಎಂದು ನಾನು ತಳ್ಳುಗಾಡಿ ತಳ್ಳುತ್ತಾ ಹುಡುಕುತ್ತಿರುತ್ತೇನೆ.

ಬೆಲೆಯಲ್ಲಂತೂ ಇಟ್ಟಿಲ್ಲ. ಬೆಲೆಯ ಗುಟ್ಟು ನಮ್ಮ ಮನೆಯವರಿಗೆ ಗೊತ್ತು, ಬ್ಯಾಂಕಿನಲ್ಲಿ ಮೂವತ್ತನಾಲ್ಕು ವರ್ಷ ಕ್ಯಾಷು ಎಣಿಸಿದವರು. "ನಿನಗೆ ಎಷ್ಟು ಸಾಮಾನಿನ ರೇಟು ಬಾಯಿಪಾಠ ಇದೆ ಹೇಳು" ಎಂದರು ಒಮ್ಮೆ. ಸಕ್ಕರೆ, ತೊಗರಿಬೇಳೆ, ಎಣ್ಣೆ, ಅಕ್ಕಿ, ಕಾಫಿಪುಡಿ, ತೆಂಗಿನಕಾಯಿ. ಅಲ್ಲಿಗೆ ಸುಸ್ತಾದೆ. "ಆ ಆರರಲ್ಲಿ ಅವನು ಲಾಭ ನೋಡಲ್ಲ. ಏಳನೇದ್ರಲ್ಲಿ ಹಿಡೀತಾನೆ" ಎಂದರು. ನನ್ನ ಗಾಡಿಯಲ್ಲಿ ಏಳನೆಯದಾಗಿ ಒಂದು ಪ್ಲಾಸ್ಟಿಕ್ ಬುಟ್ಟಿ, ಎಂಟನೆಯದಾಗಿ ಮೊಮ್ಮಗಳ ಕ್ಲಿಪ್ಪು ಇತ್ತು. ಬಿಲ್ಲಿನ ಕೆಳಗೆ "ನೀವು ಉಳಿಸಿದ್ದು" ಎಂದು ಅಚ್ಚಾಗಿರುವುದನ್ನು ಅವರು ಪ್ರತಿಸಲವೂ ಗಟ್ಟಿಯಾಗಿ ಓದಿ, "ಎಲ್ಲಿ, ತೋರಿಸು" ಎಂದು ಕೈಯೊಡ್ಡುತ್ತಾರೆ.

ಹೆಸರಿನ ಪರೀಕ್ಷೆ ಇರುವುದು ಮಳೆಗಾಲದಲ್ಲಿ. ಬಯಲುಸೀಮೆಯವರಿಗೆ ಇದು ಅರ್ಥವಾಗುವುದು ಕಷ್ಟ. ಆರಿದ್ರಾ ಹಿಡಿದರೆ ನಮ್ಮಲ್ಲಿ ಉಪ್ಪು ನೀರೊಡೆಯುತ್ತದೆ, ಬೆಲ್ಲ ಬೆವರುತ್ತದೆ, ಬಿಸ್ಕತ್ತು ಬಟ್ಟೆಯಂತೆ ಬಾಗುತ್ತದೆ, ಶೇಂಗಾಕ್ಕೆ ಬೂಸ್ಟು ಹಿಡಿಯುತ್ತದೆ. ಬೆಂಕಿಪೆಟ್ಟಿಗೆಯನ್ನು ಒಲೆಯ ಪಕ್ಕ ಕೂರಿಸಿ ಕಾಯಿಸಬೇಕು. ದೂರದ ಊರಿನಲ್ಲಿ ಕೂತು ಸಾಮಾನು ಕಳಿಸುವ ಕಂಪನಿಗೆ ಜುಲೈ ಎಂದರೆ ಕ್ಯಾಲೆಂಡರಿನ ಏಳನೇ ಹಾಳೆ. ನಮ್ಮ ಕಡೆಯವನಿಗೆ ಹಾಗಲ್ಲ. ಗೋಡೌನಿನ ಚೀಲಗಳನ್ನು ನೆಲದಿಂದ ಒಂದಡಿ ಎತ್ತರದ ಹಲಗೆಯ ಮೇಲೆ, ಗೋಡೆಗೆ ತಾಗದಂತೆ ಇಡಬೇಕು, ರವೆಯನ್ನು ಒಂದೇ ಸಲ ತಿಂಗಳಿಗಾಗುವಷ್ಟು ತರಿಸಬಾರದು ಎಂದು ಅವನಿಗೆ ಗೊತ್ತು. ಕಡುಬಿನ ತರಿ ಬೇರೆ, ಉಪ್ಪಿಟ್ಟಿನ ತರಿ ಬೇರೆ ಎಂಬುದು ಗೊತ್ತು. ಗೌರಿಹಬ್ಬಕ್ಕೆ ಮೊರ, ಬಿಚ್ಚೋಲೆ ಕೇಳಿದರೆ ಕಣ್ಣುಕಣ್ಣು ಬಿಡುವುದಿಲ್ಲ. ಜೋನಿಬೆಲ್ಲದ ಡಬ್ಬಿಯನ್ನು ಜೇನುತುಪ್ಪದ ಸಾಲಿನಲ್ಲಿ ಇಟ್ಟು ನಗೆಪಾಟಲಾಗುವುದೂ ಇಲ್ಲ.

ಇನ್ನೊಂದು ಕಡೆ, ಯಾವುದೆಂದು ಬೇಡ, ನನಗಾದದ್ದು ಹೇಳುತ್ತೇನೆ. ಕಪಾಟಿನ ಚೀಟಿಯಲ್ಲಿ ನೂರಾ ಹದಿನೆಂಟು ಎಂದಿದ್ದ ಡಬ್ಬಿ ಬಿಲ್ಲಿನಲ್ಲಿ ನೂರಾ ಇಪ್ಪತ್ತಾರಾಯಿತು. ಕೇಳಿದೆ. "ಸಿಸ್ಟಮಲ್ಲಿ ಹಂಗೇ ತೋರಿಸ್ತಿದೆ ಮೇಡಂ" ಎಂದ ಹುಡುಗ. ಅವನದು ತಪ್ಪಲ್ಲ. ಕಂಪ್ಯೂಟರಿನಲ್ಲಿ ಬೆಲೆ ರಾತ್ರೋರಾತ್ರಿ ಬದಲಾಗುತ್ತದೆ, ಕಪಾಟಿನ ಚೀಟಿಯನ್ನು ಬೆಳಿಗ್ಗೆ ಯಾರೋ ಒಬ್ಬ ಹುಡುಗ ಕೈಯಿಂದ ಕಿತ್ತು ಅಂಟಿಸಬೇಕು, ಆ ಹುಡುಗನಿಗೆ ಅವತ್ತು ಜ್ವರ ಬಂದಿದ್ದರೆ ಮುಗಿಯಿತು. ಎಂಟು ರೂಪಾಯಿಗೆ ಜಗಳವಾಡಲು ನಾಚಿಕೆಯಾಗಿ ಬಂದೆ, ಮತ್ತೆ ಆ ಕಡೆ ಹೋಗಲಿಲ್ಲ. ನಮ್ಮವರಲ್ಲೂ ಇದೇ ತಪ್ಪು ಆಗಿದೆ. ಬಿಲ್ಲಿನ ಹುಡುಗಿ ಎದ್ದುಹೋಗಿ ಚೀಟಿ ನೋಡಿಕೊಂಡು ಬಂದಳು, ಚೀಟಿಯಲ್ಲಿದ್ದಷ್ಟೇ ತೆಗೆದುಕೊಂಡಳು, ಹಳೆಯ ಚೀಟಿಯನ್ನು ಕಿತ್ತು ತಂದು ಕಸದಬುಟ್ಟಿಗೆ ಹಾಕಿದಳು. ನನ್ನ ಹಿಂದೆ ಸಾಲಿನಲ್ಲಿ ಏಳು ಜನ ಕಾಯುತ್ತಿದ್ದರು. ಆ ಏಳು ಜನವೂ ನೋಡಿದರು. ಆ ಎಂಟು ರೂಪಾಯಿಯ ಜಾಹೀರಾತನ್ನು ಯಾವ ಪೇಪರಿನಲ್ಲಿ ಹಾಕಿಸಲು ಸಾಧ್ಯ?

ತಂಗಿಯ ಮಗ ಬಾಸ್ಟನ್ನಿನ ಹತ್ತಿರ ಇದ್ದಾಗ ನಡೆದ ಕಥೆಯೊಂದು ನಮ್ಮ ಮನೆಯಲ್ಲಿ ಆಗಾಗ ಎದ್ದು ಬರುತ್ತದೆ. ಅಲ್ಲಿ 'ಮಾರ್ಕೆಟ್ ಬಾಸ್ಕೆಟ್' ಎಂದು ಆ ಸೀಮೆಯದೇ ಸೂಪರ್ ಮಾರ್ಕೆಟ್ಟು, 2014ರಲ್ಲಿ 71 ಅಂಗಡಿ, ಸುಮಾರು 25,000 ಕೆಲಸಗಾರರು. ನಡೆಸುವವರು ದಾಯಾದಿಗಳು. ಇಬ್ಬರಿಗೂ ಅಜ್ಜನ ಹೆಸರೇ: ಒಬ್ಬ ಆರ್ಥರ್ ಟಿ., ಇನ್ನೊಬ್ಬ ಆರ್ಥರ್ ಎಸ್. ಹಿಸ್ಸೆಯ ಜಗಳ ವರ್ಷಗಟ್ಟಲೆ ಕೋರ್ಟಿನಲ್ಲಿ ಉರುಳಿ, ಆ ಜೂನಿನಲ್ಲಿ ಎಸ್. ಕಡೆಯವರ ಕೈ ಮೇಲಾಗಿ ಟಿ.ಯನ್ನು ಗಾದಿಯಿಂದ ಇಳಿಸಿದರು. ಇಲ್ಲಿವರೆಗೆ ನಮ್ಮ ಯಾವ ತೋಟದ ಮನೆಯ ಕಥೆಯೂ ಆಗಬಹುದು. ಆಮೇಲಿನದೇ ಬೇರೆ. ಕೆಲಸಗಾರರು, ಅವರಿಗೆ ಸಂಘ ಗಿಂಘ ಏನೂ ಇರಲಿಲ್ಲ, ಕೆಲಸ ಬಿಟ್ಟು ಬೀದಿಗೆ ಬಂದರು. ಲಾರಿಗಳು ನಿಂತು ತರಕಾರಿಯ ಕಪಾಟುಗಳು ಬರಿದಾದವು. ಗಿರಾಕಿಗಳು ಬೇರೆ ಅಂಗಡಿಯಲ್ಲಿ ಸಾಮಾನು ಕೊಂಡು, ಆ ಬಿಲ್ಲುಗಳನ್ನು ತಂದು ಇವರ ಗಾಜಿನ ಮೇಲೆ ಅಂಟಿಸತೊಡಗಿದರು, ನೋಡಿ, ನಿಮಗೆ ಬರಬೇಕಿದ್ದ ದುಡ್ಡು ಎಲ್ಲಿ ಹೋಗುತ್ತಿದೆ ಅಂತ. ಆಗಸ್ಟ್ ಮುಗಿಯುವ ಹೊತ್ತಿಗೆ ಟಿ. 150 ಕೋಟಿ ಡಾಲರಿಗೂ ಮಿಕ್ಕಿ ಕೊಟ್ಟು ದಾಯಾದಿಗಳ ಪಾಲನ್ನು ಕೊಂಡು ವಾಪಸು ಬಂದ. ಆ ಮನುಷ್ಯ ಅಂಥದ್ದೇನು ಮಾಡಿದ್ದ ಎಂದು ಕೇಳಿದ್ದಕ್ಕೆ ತಂಗಿಮಗ ಹೇಳಿದ್ದು, "ಆ ವರ್ಷ ಎಲ್ಲರ ಬಿಲ್ಲಲ್ಲೂ ನೂರಕ್ಕೆ ನಾಲ್ಕು ಬಿಡ್ತಿದ್ದ ದೊಡ್ಡಮ್ಮ. ಮತ್ತೆ, ಕೆಲಸದವರನ್ನ ಹೆಸರು ಹಿಡಿದು ಕರೀತಿದ್ದ."

ನಮ್ಮತ್ತೆ ಈ ಕಥೆಯನ್ನು ಕೊನೆವರೆಗೂ ಕೇಳಿ "ಬಿಲ್ಲು ಅಂಟಿಸೋಕೆ ಅನ್ನ ಹಾಕಿದ್ರೋ ಮೈದಾ ಅಂಟೋ?" ಎಂದರು. ಅವರ ಕಾಳಜಿ ಗಾಜು ಒರೆಸುವವಳ ಬಗ್ಗೆ.

ನಮ್ಮ ಕಡೆಯೂ ಇಂಥದಕ್ಕೆ ಬೇರಿದೆ. ಶಿರಸಿಯ ತೋಟಗಾರರ ಸಂಘ, ಎಲ್ಲರ ಬಾಯಲ್ಲಿ ಟಿಎಸ್‌ಎಸ್, 1923ರಲ್ಲಿ ಅಡಿಕೆ ಮಾರಿಕೊಡಲೆಂದು ಹುಟ್ಟಿದ್ದು. ಈಗ ಅದರದೇ ಸೂಪರ್ ಮಾರ್ಕೆಟ್ಟಿದೆ. ಅಡಿಕೆ ಹಾಕಿ, ಮನೆಸಾಮಾನು ಹೇರಿಕೊಂಡು ಒಂದೇ ಜೀಪಿನಲ್ಲಿ ಹೋಗಬಹುದು. ಶಿವಮೊಗ್ಗದ ಮ್ಯಾಮ್ಕೋಸ್, ಅದೂ ಅಡಿಕೆ ಬೆಳೆಗಾರರ ಸಂಘವೇ, 1939ರದು. ಬೆಳೆಗಾರನಿಗೂ ಅಂಗಡಿಗೂ ನಡುವೆ ಹೀಗೆ ನಂಟಿದ್ದರೆ ಲೆಕ್ಕ ಎರಡೂ ಕಡೆಯಿಂದ ಸರಿಯಿರಬೇಕಾಗುತ್ತದೆ. ನಾವೇನು ಸಾಚಾಗಳೇ? ಚೀಲದ ಬಾಯಲ್ಲಿ 'ರಾಶಿ ಇಡಿ' ಎಂಬ ಒಳ್ಳೆಯ ಅಡಿಕೆ, ತಳದಲ್ಲಿ 'ಗೊರಬಲು' ಎಂಬ ಕಡಿಮೆ ದರ್ಜೆಯದು ತುಂಬಿಸಿ ಮಂಡಿಗೆ ಕಳಿಸಿದವರು ನಮ್ಮ ನೆಂಟರಲ್ಲೇ ಇದ್ದಾರೆ. ಅವರ ಚೀಲ ಬಂದರೆ ಈಗಲೂ ತಳದವರೆಗೆ ಕೈ ಹಾಕಿ ನೋಡುತ್ತಾರಂತೆ. ಮಾಡಿದವರು ತೀರಿಕೊಂಡು ಹದಿನೈದು ವರ್ಷವಾಯಿತು.

ಒಳ್ಳೆಯ ಹೆಸರಿಗೂ ಇದೇ ಆಯಸ್ಸು. ಕೊಪ್ಪದ ಸಹಕಾರ ಸಾರಿಗೆ, 1991ರಲ್ಲಿ ಕೆಲಸ ಕಳೆದುಕೊಂಡ ಕಾರ್ಮಿಕರೇ ಕಟ್ಟಿಕೊಂಡದ್ದು, 2020ರಲ್ಲಿ ನಿಂತೇಹೋಯಿತು. ಇವತ್ತಿಗೂ ಆ ಕಡೆಯ ಮದುವೆಮನೆಯ ಪಂಕ್ತಿಯಲ್ಲಿ ಬಸ್ಸಿನ ಮಾತು ಬಂದರೆ ಅದರ ಹೆಸರು ಎತ್ತದೆ ಪಾಯಸ ಮುಗಿಯುವುದಿಲ್ಲ.

ಪಂಕ್ತಿ ಅಂದೆನಲ್ಲ, ನಮ್ಮ ಸೂಪರ್ ಮಾರ್ಕೆಟ್ಟಿನ ಸುದ್ದಿಯೂ ಹರಡಿದ್ದು ಅಲ್ಲಿಯೇ. 2019ರ ಆಗಸ್ಟಿನಲ್ಲಿ ತುಂಗೆ ಉಕ್ಕಿ, ಶಿವಮೊಗ್ಗದ ಕೋರ್ಪಲಯ್ಯನ ಛತ್ರದ ಹತ್ತಿರದ ಮಂಟಪ ಮುಳುಗಿ, ನೀರು ಬಡಾವಣೆಗಳಿಗೇ ನುಗ್ಗಿತಲ್ಲ, ಆ ವಾರ ಹಾಲಿನ ಪ್ಯಾಕೆಟ್ಟಿಗೆ, ಮೇಣದಬತ್ತಿಗೆ ಬಾಯಿಗೆ ಬಂದ ರೇಟು ಹೇಳಿದವರನ್ನು ನಾನು ಕಂಡೆ. ಇವರು ಮಾಮೂಲಿ ಬೆಲೆಗೇ ಕೊಟ್ಟರು, ಒಬ್ಬರಿಗೆ ಎರಡೇ ಎಂದು ಹಂಚಿ ಕೊಟ್ಟರು. ನನ್ನ ನಾದಿನಿ ನಾಲ್ಕು ಕೇಳಿ, ಎರಡು ಸಿಕ್ಕಿ, ಬಯ್ದುಕೊಂಡು ಬಂದಿದ್ದಳು. ಆರು ತಿಂಗಳ ನಂತರ ತೀರ್ಥಹಳ್ಳಿಯ ಮದುವೆಯೊಂದರಲ್ಲಿ ಅದೇ ನಾದಿನಿ ಪಕ್ಕದ ಎಲೆಯವರಿಗೆ "ಅವರು ನಂಗೂ ಎರಡೇ ಕೊಟ್ಟಿದ್ದು" ಎಂದು ಹೆಮ್ಮೆಯಿಂದ ಹೇಳುವುದನ್ನು ಈ ಕಿವಿಯಾರೆ ಕೇಳಿದೆ.

ಇಷ್ಟೆಲ್ಲ ಆದರೂ ಕೊಸರು ಸಿಕ್ಕಿರಲಿಲ್ಲ. ಸಿಕ್ಕಿದ್ದು ಆ ಆಷಾಢದ ಸಂಜೆ, ಮೊಮ್ಮಗಳನ್ನು ಕರೆದುಕೊಂಡು ಹೋದಾಗ. ಬಿಡಿ ಕಾಳುಗಳ ಮೂಲೆಯಲ್ಲಿ ಒಬ್ಬ ವಯಸ್ಸಾದ ಮನುಷ್ಯ ಇದ್ದಾರೆ. ಶಿವಮೊಗ್ಗದ ಗಾಂಧಿಬಜಾರಿನ ಕಡೆ ಯಾವುದೋ ಕಿರಾಣಿ ಅಂಗಡಿಯಲ್ಲಿ ದುಡಿದು, ಅದು ಮುಚ್ಚಿದ ಮೇಲೆ ಇಲ್ಲಿಗೆ ಬಂದವರು. ಕಾಲು ಕೆಜಿ ಹೆಸರು ಎಂದೆ. ತಕ್ಕಡಿಯಲ್ಲಿ 0.250 ಬಂತು, ಚೀಟಿ ಅಚ್ಚಾಗಿ ಹೊರಬಂತು, ಚೀಲಕ್ಕೆ ಅಂಟಿಸಿದರು. ಆಮೇಲೆ, ಯಾವ ಗಡಿಬಿಡಿಯೂ ಇಲ್ಲದೆ, ಡಬ್ಬದೊಳಗೆ ಕೈ ಹಾಕಿ ಒಂದು ಚಿಟಿಕೆ ಕಾಳು ತೆಗೆದು ಚೀಲಕ್ಕೆ ಉದುರಿಸಿ ಬಾಯಿ ಕಟ್ಟಿದರು.

ನಾನು ಮೇಲೆ ನೋಡಿದೆ. ಕ್ಯಾಮೆರಾ ಕೆಂಪು ಕಣ್ಣು ಬಿಟ್ಟುಕೊಂಡು ನೇರ ಅವರ ತಲೆಯ ಮೇಲೇ ಇತ್ತು.

"ಇರ್ಲಿ ಬಿಡೀಕ್ಕಾ" ಎಂದರು. "ಸಾಹುಕಾರ್ರೂ ನೋಡಿದಾರೆ. ಕೈ ಸುಮ್ನಿರಲ್ಲ ಇವರ್ದು ಅಂತ ನಕ್ಕರು ಅಷ್ಟೆ."

ಮನೆಗೆ ಬಂದು ಹೇಳಿದ್ದೇ ತಪ್ಪಾಯಿತು. ನಮ್ಮ ಮನೆಯವರು ಮಗ ತಂದುಕೊಟ್ಟ ಅಡುಗೆಮನೆಯ ತಕ್ಕಡಿಯನ್ನು ಮೇಜಿನ ಮೇಲಿಟ್ಟು ತೂಗಿದರು. 262. ಖಾಲಿ ಚೀಲವನ್ನು ಬೇರೆ ತೂಗಿ ಮೂರು ಗ್ರಾಂ ಕಳೆದರು. ಕನ್ನಡಕ ತೆಗೆದು ಒರೆಸಿಕೊಂಡು ಇನ್ನೊಮ್ಮೆ ತೂಗಿದರು.

"ಒಂಬತ್ತು ಗ್ರಾಂ ಜಾಸ್ತಿ ಬಂದಿದೆ. ಸ್ಟಾಕ್ ಟ್ಯಾಲಿ ಆಗಲ್ಲ ಅವರಿಗೆ" ಎಂದು ಚಡಪಡಿಸಿದರು. "ಪಾಪ, ಆ ಮನುಷ್ಯನ ತಲೆಗೆ ಬರತ್ತೆ. ನಾಳೆ ಹೋಗಿ ಹೇಳಿ ಬರ್ತೀನಿ."

ಅಷ್ಟರಲ್ಲಿ ಮೊಮ್ಮಗಳು ಕಾಳನ್ನೆಲ್ಲ ಪಾತ್ರೆಗೆ ಸುರಿದು ನೀರು ಹಾಕಿಯಾಗಿತ್ತು. ಈ ಚಳಿಗೆ ಮೊಳಕೆ ಬರಲು ಎರಡು ದಿನವಾದರೂ ಬೇಕು.